ಛತ್ರದ ಅಜ್ಜಿ ಮತ್ತು ಒಂದೂವರೆ ಮುದ್ದೆ

ಹೊಸ ಕಟ್ಟಡ ಕಟ್ಟುವವನಿಗೆ ನಗುವ ಪ್ರಸಂಗ ಕಡಿಮೆ. ಹಳೆಯದನ್ನು ಉಳಿಸಿಕೊಂಡು ಕೆಲಸ ಮಾಡುವವನಿಗೆ ದಿನಕ್ಕೊಂದಾದರೂ ಗ್ಯಾರಂಟಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಧುಗಿರಿಯಲ್ಲಿ ಜೂನಿಯರ್ ಇಂಜಿನಿಯರ್ ಆಗಿದ್ದೆ. ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಅಂದುಕೊಳ್ಳುವ ವಯಸ್ಸು. ಬೆಟ್ಟದ ಕೆಳಗಿನ ಹಳೇ ಛತ್ರವನ್ನು ಅತಿಥಿಗೃಹ ಮಾಡಬೇಕೆಂದು ಆರ್ಡರ್ ಬಂತು. ಅದರ ಬೆನ್ನಿಗೇ ಇನ್ನೊಂದು ಕಾಗದ: ಛತ್ರದಲ್ಲಿ ಅಡುಗೆ ಮಾಡಿಕೊಂಡಿರುವ ವೃದ್ಧೆಗೆ ಓದು ಬರಹ ಬಾರದಿರುವುದರಿಂದ, ಕೆಲಸ ಮುಗಿದೊಡನೆ ಆಕೆಯನ್ನು ತೆರವುಗೊಳಿಸಿ, ಅತಿಥಿಗೃಹ ನೋಡಿಕೊಂಡು ರಿಜಿಸ್ಟರ್ ಬರೆಯಬಲ್ಲ ಮೇಟಿಯೊಬ್ಬನನ್ನು ನೇಮಿಸತಕ್ಕದ್ದು. ಆಕೆಗೆ ತಿಳಿಸುವ ಕೆಲಸ ನನ್ನದು.

ಮೊದಲ ದಿನವೇ ಹೇಳಿ ಮುಗಿಸಿಬಿಡೋಣ ಎಂದು ಮಧ್ಯಾಹ್ನ ಹೋದೆ. ಬಾಗಿಲು ದಾಟುವಾಗ ಮೇಲಿನ ಕಲ್ಲಿಗೆ ತಲೆ ಬಡಿಯಿತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಒಳಗಿನಿಂದ ಬಂದು, "ಬಿಸ್ಲಲ್ಲಿ ಬಂದಿದೀಯ, ಕಾಲು ತೊಳ್ಕಾ ಮಗಾ, ಮುದ್ದೆ ಆರೋಯ್ತದೆ" ಅಂದಳು.

"ಅಜ್ಜಿ, ನಾನು ಯಾರು ಅಂದ್ರೆ..."

"ಅದೆಲ್ಲ ಹೊರಡೋ ದಿನ ಹೇಳೀವಂತೆ. ಮೊದ್ಲು ಉಣ್ಣು."

ಅದು ಆ ಛತ್ರದ ರೂಲ್ಸು. ಬಂದವರ ಹೆಸರು, ಊರು, ಬಂದ ಕಾರಣ ಯಾವುದನ್ನೂ ಅವರು ಹೊರಡುವ ತನಕ ಕೇಳಬಾರದು. ಅವಳ ಅತ್ತೆ ಹೇಳಿಕೊಟ್ಟದ್ದಂತೆ. "ಯಾರು ಅಂತ ಮೊದ್ಲೇ ಗೊತ್ತಾದ್ರೆ ಸೌಟು ಒಬ್ಬರ್ಗೆ ಬಗ್ತದೆ, ಒಬ್ಬರ್ಗೆ ನಿಗುರ್ತದೆ ಕಣಪ್ಪ" ಅಂದಳು. ಅವರೆಕಾಳಿನ ಸಾರು, ಎರಡು ಮುದ್ದೆ. ಉಂಡ ಬಾಯಲ್ಲಿ ಆ ಮಾತು ಹೇಗೆ ಬರಬೇಕು? ಕಾಗದ ಜೇಬಿನಲ್ಲೇ ಉಳಿಯಿತು.

ಬಾಗಿಲು

ನನ್ನ ಪ್ಲಾನಿನಲ್ಲಿ ಹಳೆಯದೆಲ್ಲ ಕೆಡವಿ ಆರ್‌ಸಿಸಿ ಹಾಕುವುದಿತ್ತು. ಆದರೆ ಆಗ ಸಿಮೆಂಟಿಗೆ ಪರ್ಮಿಟ್ ಬೇಕು, ಪರ್ಮಿಟ್ಟಿಗೆ ಪುಣ್ಯ ಬೇಕು. ಕೊನೆಗೆ ಶಿರಾದಿಂದ ಒಬ್ಬ ಗಾರೆ ಮೇಸ್ತ್ರಿಯನ್ನು ಕರೆಸಿದೆ. ಎಲ್ಲರೂ ಚಾಚಾ ಅನ್ನುತ್ತಿದ್ದ ಮುದುಕ. ಅವನು ಗೋಡೆಯನ್ನು ಎತ್ತಿನ ಬೆನ್ನು ತಟ್ಟುವ ಹಾಗೆ ತಟ್ಟಿ, "ಸಾಬ್, ಎರಡು ಅಡಿ ದಪ್ಪ ಐತೆ. ಹೊರಗೆ ಬೆಂಕಿ ಬಿದ್ರೂ ಒಳಗೆ ಥಂಡಾ. ಇದನ್ನ ಒಡೆದು ಆಮೇಲೆ ಫ್ಯಾನ್ ಹಾಕ್ತೀರಾ?" ಅಂದ.

ಹಾಗಾಗಿ ಗೋಡೆ ಉಳಿಯಿತು, ಕಲ್ಲಿನ ಚಪ್ಪಡಿ ಉಳಿಯಿತು, ಹಳೇ ಕದ ಕಿಟಕಿ ಎಣ್ಣೆ ಕುಡಿದು ಹೊಸದಾದವು. ಸುಣ್ಣದ ಗಾರೆ ಮೆತ್ತಿದ ಮೇಲೆ ಕೋಣೆಗಳು ಮಜ್ಜಿಗೆ ಕುಡಿದಷ್ಟು ತಂಪಾದವು. ಆ ಮುಂಬಾಗಿಲು ಒಂದೇ ನನ್ನ ಶತ್ರು. ವಾರಕ್ಕೆ ಆರು ದಿನ ತಲೆ ಹೊಡೆಸಿಕೊಂಡು ಸಾಕಾಗಿ, "ಚಾಚಾ, ಇದನ್ನಾದರೂ ಎತ್ತರ ಮಾಡು" ಎಂದು ಗದರಿದೆ.

ಚಾಚಾ ನಿಧಾನವಾಗಿ ಬೀಡಿ ಆರಿಸಿದ. "ಎತ್ತರ ಮಾಡೋಕೆ ಮೇಲಿನ ಕಲ್ಲು ತೆಗೀಬೇಕು. ಕಲ್ಲು ತೆಗೆದ್ರೆ ಗೋಡೆ ಬರ್ತದೆ. ಗೋಡೆ ಬಂದ್ರೆ ಚಪ್ಪಡಿ ಬರ್ತದೆ. ನೀವು ಒಂದ್ಸಲ ಬಗ್ಗಿಬಿಟ್ರೆ ಏನೂ ಬರಲ್ಲ ಸಾಬ್."

ಮಡಕೆ

ಚಪ್ಪಡಿ ಕಲ್ಲು ಬೇಸಿಗೆಯಲ್ಲಿ ಹೆಂಚಿನಂತೆ ಕಾಯುತ್ತದೆ. ಅದರ ಮೇಲೆ ಮಡಕೆಗಳನ್ನು ಬೋರಲು ಹಾಕಿ, ಸಂದಿಗೆ ಗಾರೆ ತುಂಬಿದರೆ ಒಳಗಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಕೊರಟಗೆರೆಯ ಕುಂಬಾರ ಒಂದು ಗಾಡಿ ಮಡಕೆ ತಂದುಕೊಟ್ಟ. ಸಾಲಾಗಿ ಜೋಡಿಸಿ, ಗಾರೆ ನಾಳೆ ಹಾಕೋಣ ಎಂದು ಹೋದೆವು.

ಬೆಳಿಗ್ಗೆ ಬಂದು ನೋಡಿದರೆ ಮಾಳಿಗೆ ಮೇಲೆ ಬೆಟ್ಟದ ಕೋತಿಗಳ ಸಭೆ. ಬೋರಲು ಬಿದ್ದ ಮಡಕೆ ಕಂಡರೆ ಕೆಳಗೆ ಏನೋ ಮುಚ್ಚಿಟ್ಟಿದ್ದಾರೆ ಅನ್ನುವುದು ಕೋತಿಗೂ ಗೊತ್ತು. ಒಂದೊಂದನ್ನೇ ಎತ್ತಿ ನೋಡುವುದು, ಏನೂ ಇಲ್ಲವೆಂದು ಸಿಟ್ಟಿನಿಂದ ಅಂಗಳಕ್ಕೆ ಎಸೆಯುವುದು. ಓಡಿಸುವ ಹೊತ್ತಿಗೆ ಅರ್ಧದಷ್ಟು ಮಡಕೆ ಒಡೆದುಹೋಗಿದ್ದವು. ನಾನು ಎಗರಾಡಿದೆ. ಅಜ್ಜಿಗೆ ಮಾತ್ರ ಕೋತಿಗಳದ್ದೇ ಸಂಕಟ. "ಈ ಛತ್ರದಾಗೆ ಮಡಕೆ ಎತ್ತಿ ನೋಡ್ದೋರು ಯಾರೂ ಬರಿಗೈಲಿ ಹೋಗಿರ್ಲಿಲ್ಲ ಕಣಪ್ಪ" ಎಂದು ಕಣ್ಣೊರೆಸಿಕೊಂಡಳು.

ಅಂದು ಸಂಜೆ ಆ ಮಹಾತಾಯಿ ಏಣಿ ಹತ್ತಿ, ಉಳಿದಿದ್ದ ಒಂದೊಂದು ಮಡಕೆಯ ಕೆಳಗೂ ಒಂದೊಂದು ಹಿಡಿ ಕಡಲೆಕಾಯಿ ಇಟ್ಟು ಬಂದಿದ್ದಳು. ಮಾರನೇ ಬೆಳಗಿನ ಹೊತ್ತಿಗೆ ಉಳಿದ ಅರ್ಧವೂ ಹೋಯಿತು. ಎರಡನೇ ಗಾಡಿಯ ಜೊತೆ ಬಂದ ಕುಂಬಾರ ಅಜ್ಜಿಗೆ ಅಡ್ಡಬಿದ್ದು, "ವರ್ಸಕ್ಕೆ ಇಂಥ ಮನೆ ಎಲ್ಡಿದ್ರೆ ಸಾಕು ಕಣಮ್ಮ" ಅಂದ.

ಮೋರಿ

ಎರಡು ಕೋಣೆ ತಯಾರಾದ ಕೂಡಲೇ ಅತಿಥಿಗಳಿಗೆ ಕೊಡಲು ಶುರುಮಾಡಿದೆವು. ಕಡಲೆಕಾಯಿ ಸಿಪ್ಪೆ ಉರಿಸಿ ಸ್ನಾನಕ್ಕೆ ನೀರು ಕಾಯಿಸುವುದು, ಬಚ್ಚಲ ನೀರು ಮೋರಿಯಲ್ಲಿ ಹರಿದು ಹಿತ್ತಲ ಬಾಳೆಗೆ ಹೋಗುವುದು. ಇದು ನನ್ನ ಹೆಮ್ಮೆಯ ಏರ್ಪಾಡು. ರಿಜಿಸ್ಟರೂ ಬಂತು. ಮೇಟಿ ಬರುವ ತನಕ, ಅಂದರೆ ನನಗೆ ಧೈರ್ಯ ಬರುವ ತನಕ, ದಿನಾ ಬೆಳಿಗ್ಗೆ ಅಜ್ಜಿ ಹೇಳುವುದು, ನಾನು ಬರೆಯುವುದು.

"ನಿನ್ನೆ ಬಂದವರ ಹೆಸರು?"

"ಇನ್ನೂ ಹೊರಟಿಲ್ವಲ್ಲ, ಕೇಳ್ಲಿಲ್ಲ."

"ಅಜ್ಜಿ, ಏನಾದರೂ ಬರೀಬೇಕಲ್ಲ!"

"ಕಾಲಿಗೆ ಮುಳ್ಳು ಚುಚ್ಕಂಡಿದ್ದೋರು ಅಂತ ಬರಿ. ಮೂರು ಮುದ್ದೆ."

"ಊರು?"

"ಪಾವಗಡ."

"ಅದನ್ನ ಮಾತ್ರ ಕೇಳಿದೆಯಾ?"

"ಕೇಳೋದ್ಯಾಕೆ, ಮೋರಿ ಹೇಳ್ತದೆ. ಸ್ನಾನ ಮಾಡವ್ರೆ, ಮೋರಿ ಒಣಗೈತೆ. ಒಂದು ಚೊಂಬಲ್ಲಿ ಮೈ ತೊಳ್ಕಳೋರು ಪಾವಗಡದೋರೇ. ಅರ್ಧ ಮೋರಿ ನೆಂದಿದ್ರೆ ಮಧುಗಿರಿ ಕಡೆಯೋರು. ಬಾಳೆ ಬುಡಕ್ಕೆ ಮುಟ್ಟಿದ್ರೆ ಕೊರಟಗೆರೆ."

ಸುಳ್ಳೇನೋ ಎಂದು ಒಂದು ವಾರ ಅತಿಥಿಗಳನ್ನು ನಾನೇ ಗುಟ್ಟಾಗಿ ವಿಚಾರಿಸಿದೆ. ಒಂದೂ ತಪ್ಪಿರಲಿಲ್ಲ. ಬಾಳೆ ಮಾತ್ರ ಸೊರಗುತ್ತಿತ್ತು. "ಏನ್ಮಾಡೋದು, ಪಾವಗಡದೋರೇ ಜಾಸ್ತಿ ಬತ್ತಾವ್ರೆ. ಗೊನೆ ಬಿಡಬೇಕು ಅಂದ್ರೆ ಬೆಂಗ್ಳೂರಿನೋರು ಯಾರಾದ್ರೂ ಬರ್ಬೇಕು" ಅಂದಳು ಅಜ್ಜಿ.

ಒಂದೂವರೆ

ದೊಡ್ಡ ಸಾಹೇಬರು ಸೋಮವಾರ ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆಂದು ಸುದ್ದಿ ಬಂತು. ಮೇಟಿಯ ನೇಮಕ ಆಗಿದೆಯೇ ಎಂಬುದನ್ನೂ ನೋಡುತ್ತಾರಂತೆ. ಜೇಬಿನ ಕಾಗದ ಅಷ್ಟರಲ್ಲಿ ಬೆವರಿಗೆ ಹತ್ತಿಯಂತಾಗಿತ್ತು. ಸೋಮವಾರ ಬೆಳಿಗ್ಗೆ ಬೇಗ ಹೋಗಿ ಇವತ್ತು ಹೇಳಿಯೇ ತೀರುತ್ತೇನೆ ಎಂದುಕೊಂಡು, ತಲೆ ಹೊಡೆಸಿಕೊಂಡು, ಅಜ್ಜಿಯ ಎದುರು ಕೂತೆ. ಬಾಯಿಂದ ಬಂದದ್ದು ಮಾತ್ರ, "ನಿನ್ನೆ ಯಾರು ಬಂದಿದ್ರು?"

"ಒಬ್ರು. ಮೈಯೆಲ್ಲ ಧೂಳು, ದಾರೀಲಿ ಗಾಡಿ ಕೆಟ್ಟೋಯ್ತಂತೆ. ಬೊಕ್ಕತಲೆಯೋರು ಅಂತ ಬರಿ. ಒಂದೂವರೆ ಮುದ್ದೆ. ನುಂಗಕ್ಕೆ ಬರಾಕಿಲ್ಲ, ಅಗೀತಾರೆ ಪಾಪ. ಗೊರಕೆಗೆ ಪಾರಿವಾಳ ಎಲ್ಲಾ ಎದ್ದೋದ್ವು. ಊರು ಬೆಂಗ್ಳೂರು. ಬಾಳೆ ಬುಡ ಕೊಚ್ಕಂಡೋಗೈತೆ."

ಎಲ್ಲವನ್ನೂ ಶುದ್ಧ ಕನ್ನಡದಲ್ಲಿ ಬರೆದು ಮುಗಿಸಿದೆ. ಒಳಕೋಣೆಯ ಬಾಗಿಲು ತೆರೆಯಿತು. ಪ್ಯಾಂಟು, ಟೈ, ಮಿನುಗುವ ಬೊಕ್ಕತಲೆ. ನನ್ನ ದೊಡ್ಡ ಸಾಹೇಬರು!

"ಮೇಟಿ ಎಲ್ರೀ?" ಅಂದರು. ರಿಜಿಸ್ಟರ್ ಎಳೆದುಕೊಂಡು, ಕೊನೆಯ ಸಾಲನ್ನು ಒಮ್ಮೆ ಓದಿದರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು. ಅಜ್ಜಿಯ ಕಥೆ ಮುಗಿಯಿತು, ಜೊತೆಗೆ ನನ್ನದೂ ಅಂದುಕೊಂಡೆ.

"ಒಂದೂವರೆ ಅಂತ ಯಾಕ್ರೀ ಬರೆದಿದೀರಿ? ಎರಡು. ತಿದ್ದಿ" ಅಂದರು ಸಾಹೇಬರು.

ಪೆನ್ನು ತೆಗೆದೆ. ಅಷ್ಟರಲ್ಲಿ ಅಜ್ಜಿ, "ಅದೆಂಗಾಯ್ತದೆ? ಒಂದೂವರೇನೇ. ಇನ್ನರ್ಧ ನಾನು ಅತ್ಲಾಗೆ ತಿರುಗಿದಾಗ ನಾಯಿಗೆ ಹಾಕ್ಬುಟ್ರಲ್ಲ, ನೋಡ್ನಿಲ್ವಾ ನಾನು?" ಅಂದುಬಿಟ್ಟಳು.

ಸಾಹೇಬರ ಮುಖ ಕೆಂಪಾಯಿತು. ಆಮೇಲೆ ಹೊಟ್ಟೆ ಕುಲುಕಿತು. ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ತಾವೇ ಬರೆದರು: "ಕಟ್ಟಡ ತಂಪಾಗಿದೆ. ರಿಜಿಸ್ಟರಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮೇಟಿ ಅನಗತ್ಯ. ಅಜ್ಜಿಯೇ ಮುಂದುವರಿಯತಕ್ಕದ್ದು." ಹೊರಡುವಾಗ ನನ್ನ ಕಿವಿಯ ಹತ್ತಿರ, "ನಾಯಿ ವಿಷಯ ಮಾತ್ರ ಬರೀಬೇಡಿ" ಅಂದರು.

ಹೊರಡುವ ದಿನ

ಕೆಲವು ತಿಂಗಳಲ್ಲಿ ನನಗೆ ಪಾವಗಡಕ್ಕೆ ವರ್ಗವಾಯಿತು. ಕೊನೆಯ ಊಟ ಮಾಡಿ ಕೈ ತೊಳೆದಾಗ ಅಜ್ಜಿ ಅಂದಳು: "ಆ ಕಾಗ್ದ ಇನ್ನಾದ್ರೂ ಜೇಬಿಂದ ತೆಗಿಯಪ್ಪ. ಅಂಗಿ ಹರಿದೋಯ್ತದೆ."

ನನ್ನ ಕೈ ಜೇಬಿಗೆ ಹೋಯಿತು. "ನಿನಗೆ ಗೊತ್ತಿತ್ತಾ?"

"ದಿನಾ ಜೇಬು ಮುಟ್ಕಂತಿದ್ದೆ, ನನ್ ಮುಖ ನೋಡ್ತಿದ್ದೆ, ಉಣ್ತಿದ್ದೆ. ನನ್ನ ಕಳ್ಸೋ ಕಾಗ್ದ ಅಂತ ಗೊತ್ತಾಗಕ್ಕೆ ಓದು ಬೇಕಾ? ಹೊರಡೋವರ್ಗೂ ಕೇಳಬಾರ್ದು ಅಂತ ಸುಮ್ಕಿದ್ದೆ."

ಅತ್ತುಬಿಟ್ಟೆ. ಏನು ಮಾಡಲಿ, ಅಳು ಬಂತು. ಕಾಗದವನ್ನು ತೆಗೆದು ಒಲೆಗೆ ಹಾಕಿದೆ. ಕಡಲೆಕಾಯಿ ಸಿಪ್ಪೆಯ ಜೊತೆ ಚೆನ್ನಾಗಿಯೇ ಉರಿಯಿತು. ಅಜ್ಜಿ ರಿಜಿಸ್ಟರ್ ತಂದು ಮುಂದಿಟ್ಟಳು. "ನಿಂದೂ ಬರ್ಕಾ. ಮುದ್ದೆ, ಲೆಕ್ಕ ಇಲ್ಲ. ಅಂದಂಗೆ, ನಿನ್ನ ಹೆಸ್ರೇನು ಮಗಾ?"

ಒಂದು ವರ್ಷ ಅವಳ ಕೈಯಲ್ಲಿ ಉಂಡಿದ್ದೆ! ಹೆಸರು ಹೇಳಿದೆ. ಅವಳು ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ತಲೆ ಅಲ್ಲಾಡಿಸಿದಳು.

"ಚೆನ್ನಾಗೈತೆ. ಆದ್ರೆ ನೆಪ್ಪಿರಾಕಿಲ್ಲ. ಬಾಗ್ಲಿಗೆ ತಲೆ ಹೊಡ್ಸ್ಕಂತಿದ್ದೋರು ಅಂತ್ಲೇ ಬರಿ."

"ಈಗ ಬಗ್ಗೋದು ಕಲಿತಿದೀನಿ ಅಜ್ಜಿ" ಎಂದು ನಕ್ಕು, ಹಾಗೇ ಬರೆದು, ಟ್ರಂಕು ಎತ್ತಿಕೊಂಡು, ಕಣ್ಣು ಮಂಜಾಗಿ ಏನೂ ಕಾಣದೆ, ಹೊರಡುವಾಗಲೂ ಒಂದು ಹೊಡೆಸಿಕೊಂಡೆ.