ಮಂತ್ರಿಗಳ ಹಣೆಗೆ ಕುಂಕುಮ

ಎಲ್ಲ ಕೆಟ್ಟದ್ದು ‘ಹೋದ್ರು’ ಎಂಬ ಒಂದೇ ಮಾತಿನಿಂದ.

ಯಾದವಗಿರಿಯ ಶಿವರುದ್ರಪ್ಪ ಮೇಷ್ಟ್ರು ಬೆಳಿಗ್ಗೆ ಮೇಟಗಳ್ಳಿಯಲ್ಲಿರುವ ಅಶೋಕನ ಫೋಟೊಗೆ ಕಟ್ಟು ಹಾಕುವ ಅಂಗಡಿಗೆ ಒಂದು ಹಳೆಯ ಚಿತ್ರ ತಂದರು. ದೊಡ್ಡ ಮೇಜಿನ ಸುತ್ತ ಕೋಟು ತೊಟ್ಟ ಆರು ಜನ ಬಿಳಿಯರು. ಒಬ್ಬೊಬ್ಬರ ಮೂಗೂ ಬದನೆಕಾಯಿಯಷ್ಟು.

“ಮಧ್ಯಾಹ್ನಕ್ಕೆ ಬೇಕು ಕಣಪ್ಪ, ಸಂಜೆ ಪ್ರದರ್ಶನ. ಇದು ಚೆನ್ನಾಗಿ ಬಂದ್ರೆ ಇನ್ನೂ ನಲವತ್ತು ಚಿತ್ರ ನಿಂಗೇ ಕೊಡ್ತೀನಿ.”

ನಲವತ್ತು! ಎಲ್ಲರ ಮುಖವೂ ಮೊಬೈಲಿನೊಳಗೇ ಉಳಿಯುವ ಈ ಕಾಲದಲ್ಲಿ ಅಶೋಕನಿಗೆ ತಿಂಗಳಿಗೆ ನಾಲ್ಕು ಕಟ್ಟು ಸಿಕ್ಕರೆ ಹಬ್ಬ. “ಇವ್ರೆಲ್ಲ ಇದಾರಾ ಸಾರ್?” ಎಂದು ಮರ್ಯಾದೆಗೆ ಕೇಳಿದ.

“ಎಲ್ರೂ ಹೋದ್ರು ಕಣಪ್ಪ, ಯಾವ ಕಾಲಾನೋ ಆಯ್ತು!” ಎಂದು ಮೇಷ್ಟ್ರು ಆಟೊ ಹತ್ತಿದರು.

ಹೋದವರ ಫೋಟೊ ಎಂದಮೇಲೆ ಕಟ್ಟು ಹಾಕಿ, ಗಾಜಿನ ಮೇಲೆ ಕುಂಕುಮ ಇಟ್ಟೇ ಕೊಡುವುದು ಅಶೋಕನ ಪದ್ಧತಿ. ಅಷ್ಟರಲ್ಲಿ ಪಕ್ಕದ ಟೀ ಅಂಗಡಿಯ ಬಸವಮ್ಮ ಬಗ್ಗಿ ನೋಡಿದಳು.

“ಪಾಪ, ಆರು ಜನಾನೂ ಒಟ್ಗೇ ಹೋಗ್ಬುಟ್ರಾ? ಗಾಜಿನ್ ಮ್ಯಾಲಿಟ್ರೆ ಒರೆಸ್ದಾಗ ಹೊಂಟೋಯ್ತದೆ ಕಣ್ಲಾ. ಚಿತ್ರದ್ ಮ್ಯಾಲೇ ಇಡು, ಗಟ್ಟಿಯಾಗಿರ್ತದೆ.”

ನಲವತ್ತರ ಆಸೆ. ಅಶೋಕ ಗೋಂದಿಗೆ ಕುಂಕುಮ ಕಲಸಿ ಆರು ಹಣೆಗೂ ಕಾಸಿನಗಲ ಇಟ್ಟ. ಆರೂ ಜನ ಬೀಗರೂಟಕ್ಕೆ ಕೂತವರಂತೆ ಕಳೆಕಳೆಯಾದರು.

ಮೇಷ್ಟ್ರ ಬರಹವನ್ನೆಲ್ಲ ಜೆರಾಕ್ಸ್ ಮಾಡಿಕೊಡುವ ಎದುರಂಗಡಿ ನಿರಂಜನ್ ಬಂದವನೇ ತಲೆ ಮೇಲೆ ಕೈ ಹೊತ್ತ.

“ಅಶೋಕಣ್ಣ, ಇದು ವ್ಯಂಗ್ಯಚಿತ್ರ ಕಣಣ್ಣ! ಆ ಎರಡು ಮಹಾಯುದ್ಧ ಆದ್ವಲ್ಲ, ಅವುಗಳ ಮಧ್ಯೆ ಬೇರೆಬೇರೆ ದೇಶದ ಮಂತ್ರಿಗಳು ಶಾಂತಿ ಮಾತಾಡಕ್ಕೆ ಕೂತವ್ರೆ. ಮೇಲೆ ಕೈ ಕುಲುಕ್ತಾವ್ರೆ, ಮೇಜಿನ ಕೆಳಗೆ ನೋಡು, ಒಬ್ರಿಗೊಬ್ರು ಒದೀತಾವ್ರೆ! ಮೇಷ್ಟ್ರು ಇದನ್ನ ಚರಿತ್ರೆಯ ಸಾಕ್ಷಿ ಅಂತ ಜೋಪಾನ ಮಾಡವ್ರೆ, ನೀನು ತಿಥಿ ಮಾಡ್ಬುಟ್ಟಿದೀಯ!”

ಅಶೋಕ ಚಿತ್ರವನ್ನು ಹತ್ತಿರ ಎಳೆದುಕೊಂಡ. ರಬ್ಬರು ಹಿಡಿದು ಉಜ್ಜಿದ. ಕುಂಕುಮ ಹೋಗಲಿಲ್ಲ, ಹಣೆಯಿಂದ ಮೂಗಿಗೆ ಇಳಿಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿದ. ಗಲ್ಲಕ್ಕೂ ಬಂತು. ಆರು ಜನಕ್ಕೂ ತಲೆ ಒಡೆದು ರಕ್ತ ಸುರಿಯುವಂತಾಯಿತು.

“ನನ್ನತ್ರ ವೈಟ್ನರ್ ಅದೆ!” ನಿರಂಜನ್ ಓಡಿ ತಂದ.

“ಇಲ್ಲೂ ಬಳಿ, ಅಲ್ಲೂ ಬಳಿ” ಎಂದು ಬಸವಮ್ಮ ಬೆರಳು ತೋರಿಸುತ್ತಾ ಹೋದಳು. ಮುಗಿಯುವಷ್ಟರಲ್ಲಿ ಒಬ್ಬೊಬ್ಬ ಮಂತ್ರಿಯ ತಲೆಗೂ ಬಿಳಿ ಪಟ್ಟಿ ಸುತ್ತಿದಂತಿತ್ತು, ಅಂಚಿನಲ್ಲಿ ಕೆಂಪು ಇಣುಕುತ್ತಿತ್ತು. ಬೇರೆ ದಾರಿಯಿಲ್ಲದೆ ಅದಕ್ಕೇ ಗಾಜು ಕೂರಿಸಿ ಮೊಳೆ ಬಡಿಯುತ್ತಿದ್ದಾಗ ಆಟೊ ಬಂದು ನಿಂತಿತು.

ಮೇಷ್ಟ್ರು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಶೋಕ ಕಣ್ಣು ಮುಚ್ಚಿದ.

“ಎಲ್ಲಿ ಸಿಕ್ತಯ್ಯಾ ಇದು?” ಮೇಷ್ಟ್ರು ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. “ಮಾತುಕತೆ ಮುರಿದು ಬಡಿದಾಡಿಕೊಂಡ ಮೇಲಿನ ಚಿತ್ರ! ಅದೇ ಚಿತ್ರಕಾರನ ಕೈ, ಅದೇ ಗೆರೆ! ಇಂಥ ಎರಡನೇ ಚಿತ್ರ ಒಂದು ಇರ್ಲೇಬೇಕು ಅಂತ ಮೂವತ್ತು ವರ್ಷದಿಂದ ಹೇಳ್ತಿದೀನಿ, ಒಬ್ರೂ ನಂಬ್ಲಿಲ್ಲ!”

“ಸಾರ್, ಅದು ನಿಮ್ದೇ ಸಾರ್. ನಾನೇ ಕುಂಕುಮ…”

“ಸುಮ್ನಿರು! ನಿನ್ ಕೈಲಿ ಇಂಥದ್ದು ಬರಿಯಕ್ಕಾಗುತ್ತಾ?” ಮೇಷ್ಟ್ರು ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಆಟೊದಲ್ಲಿ ಕೂತರು. “ಇದು ನನ್ ಹತ್ರಾನೇ ಇರ್ಲಿ. ಬೆಳಿಗ್ಗೆ ನಾನು ಕೊಟ್ಟಿದ್ದನ್ನ ಐದು ಗಂಟೆಯೊಳಗೆ ತಂದುಕೊಡು, ಅಕ್ಕಪಕ್ಕ ಇಟ್ಟು ತೋರಿಸ್ಬೇಕು. ತರ್ಲಿಲ್ಲ ಅಂದ್ರೆ ನಲವತ್ತೂ ಬೇರೆಯವ್ರಿಗೆ, ನಿನ್ ಮೇಲೆ ಕಳ್ಳತನದ ಕಂಪ್ಲೇಂಟು!”

ಆಟೊ ಹೋಯಿತು. ಬೆರಳು ತೋರಿಸಿ ಬಳಿಸಿದ ಬಸವಮ್ಮನೇ ಅಶೋಕನ ಹತ್ತಿರ ಬಂದು, ದನಿ ತಗ್ಗಿಸಿದಳು.

“ದೊಡ್ಡೋರ ಸಹವಾಸ ಬ್ಯಾಡ ಕಣ್ಲಾ, ಅವ್ರ ಚಿತ್ರ ಕೊಟ್ಬುಡು ಅತ್ಲಾಗೆ. ಎಲ್ಲಿ ಬಚ್ಚಿಟ್ಟಿದ್ದೀಯ?”