ಗಂಟೆ ಹೊಡೆಯುವವರೆಗೆ

ಅಮ್ಮನಿಗೆ ‘ಕ್ಲಿನಿಕ್ಕಿಗೆ ಕೆಲಸಕ್ಕೆ ಹೋಗ್ತೀನಿ’ ಅಂತ, ಕ್ಲಿನಿಕ್ಕಿಗೆ ‘ಜ್ವರ, ಬರೋಕಾಗಲ್ಲ’ ಅಂತ, ಒಂದೇ ಬೆಳಗ್ಗೆ ಎರಡು ಸುಳ್ಳು ಹೇಳಿ ಹುಡುಗಿ ಬೆಟ್ಟದ ಮೇಲಿನ ಕನ್ಯಾಸ್ತ್ರೀಯರ ಮಠಕ್ಕೆ ಬಸ್ಸು ಹತ್ತಿದಳು. ದೇವರ ಸೇವೆಗೆ ಹೊರಟವಳು ಹೀಗೆ ಶುರು ಮಾಡಬಾರದಿತ್ತು. ಆದರೆ ನಿಜ ಹೇಳಿದ್ದರೆ ಅತ್ತೆ ಬಾಗಿಲಿಗೆ ಅಡ್ಡ ಮಲಗಿಬಿಡುತ್ತಿದ್ದಳು. ಅಪ್ಪನ ಅಕ್ಕನಾದ ಈ ಅತ್ತೆ ಗಂಡ ಹೋದ ಮೇಲೆ ತಮ್ಮನ ಮನೆಗೇ ಬಂದು, ಒಲೆಯಿಂದ ಹಿಡಿದು ತಮ್ಮನ ಕಾಲುಚೀಲದವರೆಗೆ ಎಲ್ಲವನ್ನೂ ಬರೀ ಗಂಟಲಿನಿಂದಲೇ ಆಳುತ್ತಿದ್ದಳು.

ಮಠದ ದೊಡ್ಡ ಮದರ್ ಹುಡುಗಿಯ ಮುಂದೆ ಒಂದು ಬುಟ್ಟಿ ಆಲೂಗಡ್ಡೆ ಇಟ್ಟರು.

“ಸಂಜೆ ಪ್ರಾರ್ಥನೆ ಗಂಟೆ ಹೊಡೆಯೋವರೆಗೆ ಒಂದು ಮಾತೂ ಆಡಬಾರದು ಮಗಳೇ. ಅಷ್ಟು ನಿನ್ನ ಕೈಲಾದರೆ ಒಂದು ವಾರ ನಮ್ಮ ಜೊತೆ ಇದ್ದು ನೋಡು.”

ಹುಡುಗಿ ಹಿಗ್ಗಿಹೋದಳು. ಆಲೂಗಡ್ಡೆ ಸಿಪ್ಪೆ ನೆಲಕ್ಕೆ ಬೀಳುವ ಸದ್ದು ಕೂಡ ಕೇಳಿಸುವಂಥ ಜಾಗವೊಂದು ಈ ಲೋಕದಲ್ಲಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಇತ್ತ ಅವಳು ಕೆಲಸ ಮಾಡುವ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರು, ಪಾಪ ಜ್ವರವಂತೆ ಎಂದು ಮರುಗಿ, ಮಧ್ಯಾಹ್ನ ಮಾತ್ರೆ ಹಿಡಿದು ಮನೆಗೇ ಬಂದುಬಿಟ್ಟರು.

“ಜ್ವರ ಹೇಗಿದೆ?”

“ಯಾರಿಗೆ ಜ್ವರ? ಅವಳು ನಿಮ್ಮ ಹತ್ರಾನೇ ಬಂದಿದಾಳಲ್ಲ!” ಎಂದಳು ಅಮ್ಮ.

ಈ ಎರಡು ಮಾತು ಗೋಡೆ ದಾಟುವುದಕ್ಕೆ ಕಾದಿದ್ದವಳಂತೆ ಪಕ್ಕದ ಮನೆಯ ಟೈಲರಮ್ಮ ಕೊರಳಿಗೆ ಟೇಪು ನೇತುಹಾಕಿಕೊಂಡೇ ಓಡಿ ಬಂದಳು. “ಬೆಳಗ್ಗೆ ಬೆಟ್ಟದ ಬಸ್ಸು ಹತ್ತಿದ್ದು ನೋಡ್ದೆ ಕಣ್ರೀ. ಮುಖದಲ್ಲಿ ಎಂಥಾ ಕಳೆ ಅಂತೀರಾ! ನಮ್ಮಕ್ಕ ಓಡಿಹೋದ ದಿನ ಇದ್ದಿದ್ದೂ ಅದೇ ಕಳೆ.”

ಅಮ್ಮ ಕುಸಿದು ಕೂತಳು. ಅತ್ತೆ ಡಾಕ್ಟರ ಕಾರಿನ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

ಕೊನೇ ಸ್ಟಾಪಿನಲ್ಲಿ ವಿಚಾರಿಸಿಕೊಂಡು ನಾಲ್ವರೂ ಮಠದ ಅಡುಗೆಮನೆಗೆ ನುಗ್ಗಿದಾಗ ಹುಡುಗಿಯ ಬುಟ್ಟಿಯ ತಳ ಕಾಣಿಸುತ್ತಿತ್ತು.

“ಯಾರೇ ಅವನು?” ಗುಡುಗಿದಳು ಅತ್ತೆ.

ಹುಡುಗಿ ತುಟಿ ಬಿಗಿದು, ಯಾರೂ ಇಲ್ಲವೆಂದು ತಲೆಯಾಡಿಸಿದಳು.

“ಹೆಸರು ಹೇಳಲ್ವಂತೆ!” ಎಂದಳು ಟೈಲರಮ್ಮ.

ದೇವರಿಗಾಗಿ ಬಂದೆ ಎಂದು ತಿಳಿಸಲು ಹುಡುಗಿ ಬೆರಳನ್ನು ಮೇಲಕ್ಕೆ ತೋರಿಸಿದಳು.

“ಪೈಲಟ್ಟೇನೇ?” ಅಮ್ಮನ ಅಳುವಿನಲ್ಲಿ ಚೂರು ಆಸೆ ಇಣುಕಿತು.

ಹುಡುಗಿ ಅವಸರದಲ್ಲಿ ಗೋಡೆಯ ಶಿಲುಬೆ ತೋರಿಸಿದಳು.

“ಅಯ್ಯೋ, ಚರ್ಚಲ್ಲಿ ಮದುವೇನೂ ಆಗ್ಹೋಯ್ತಂತೆ!” ಟೈಲರಮ್ಮ ಎದೆ ಬಡಿದುಕೊಂಡಳು.

“ಇರಿ, ಪಾಪ ನಾಲಿಗೆಗೇ ಏನೋ ಆಗಿದೆ,” ಎಂದು ಡಾಕ್ಟರು ಜೇಬಿನಿಂದ ಪುಟ್ಟ ಟಾರ್ಚು ತೆಗೆದು ಅವಳ ದವಡೆ ಹಿಡಿದರು. “ಆ... ಅನ್ನು ನೋಡೋಣ.”

ಅಲ್ಲಿಗೆ ಕಟ್ಟೆ ಒಡೆಯಿತು.

“ಸನ್ಯಾಸಿನಿ ಆಗೋಕೆ ಬಂದಿದೀನಿ! ಬಿಡ್ರಪ್ಪಾ ನನ್ನ!”

ಆ ಕೂಗಿನ ಬೆನ್ನಿಗೇ ಪ್ರಾರ್ಥನೆಯ ಗಂಟೆ ಢಣ್ ಎಂದಿತು. ಬಾಗಿಲಲ್ಲಿ ಮದರ್ ನಿಂತಿದ್ದರು. ಯಾರನ್ನೂ ಬೈಯಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಪ್ರಾರ್ಥನಾಲಯಕ್ಕೆ ಕರೆದೊಯ್ದು ಕೂರಿಸಿದರು. ಹುಡುಗಿ ಸೋತ ಮುಖ ಮುಚ್ಚಿಕೊಂಡು ಅತ್ತಳು.

ಪ್ರಾರ್ಥನೆ ಮುಗಿಯಿತು. ಎಲ್ಲರೂ ಎದ್ದರು. ಅತ್ತೆ ಮಾತ್ರ ಏಳಲಿಲ್ಲ.

“ಇಲ್ಲಿ ಯಾರೂ ಯಾರನ್ನೂ ಕೂಗಿ ಕರೆಯಲ್ವಾ?” ಎಂದು ಕೇಳಿದಳು. ಅವಳಿಗೆ ಪಿಸುಮಾತು ಬರುತ್ತದೆಂಬುದೇ ಮನೆಯವರಿಗೆ ಹೊಸ ಸುದ್ದಿ.

“ಇಲ್ಲಮ್ಮ,” ಎಂದರು ಮದರ್.

“ಹಾಗಾದ್ರೆ ನಾನೊಂದು ವಾರ ಇರ್ತೀನಿ. ಆ ಮನೆ ಸೇರಿದಾಗಿಂದ ನನ್ನ ಉಸಿರು ನನಗೇ ಕೇಳಿಸಿದ್ದು ಇವತ್ತೇ.”

ಮದರ್ ಹುಡುಗಿಯ ಕಡೆ ತಿರುಗಿ ಮೆಲ್ಲನೆ ಹೇಳಿದರು, “ಅತಿಥಿಗಳ ಕೋಣೆ ಇರೋದು ಒಂದೇ ಮಗಳೇ. ನೀನು ಮಾತಾಡಿಬಿಟ್ಟೆ. ಇವರು ನೋಡು, ಪ್ರಾರ್ಥನೆ ಉದ್ದಕ್ಕೂ ಒಂದು ಸಲ ಕೆಮ್ಮಲೂ ಇಲ್ಲ.”

ಬೆಟ್ಟ ಇಳಿಯುವ ಕಾರಿನ ಮುಂದಿನ ಸೀಟು ಈಗ ಹುಡುಗಿಯ ಪಾಲಿಗೆ ಬಂತು. ಅಮ್ಮ ಹಿಂದಿನಿಂದ ಅವಳ ಭುಜ ತಟ್ಟಿದಳು.

“ಹೋಗ್ಲಿ ಬಿಡು, ಎಲ್ಲ ಒಳ್ಳೇದೇ ಆಯ್ತು. ಈಗ ಹೇಳು, ರಾತ್ರಿಗೆ ಏನು ಅಡುಗೆ ಮಾಡ್ತೀಯಾ? ಅತ್ತೆ ಇಲ್ವಲ್ಲ, ನಾಳೆಯಿಂದ ಅಪ್ಪನ ಕಾಲುಚೀಲಾನೂ ನೀನೇ ಹುಡುಕಿಕೊಡಬೇಕು.”