ಹೆಬ್ಬೆಟ್ಟಿನ ತೇವಾಂಶ ಪರಿಶೀಲನಾ ಸಮಿತಿ

ನಮ್ಮ ಕಚೇರಿಗೆ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ನಿರ್ಧರಿಸುವ ಅಧಿಕಾರ ಬಾಗಿಲ ಪಕ್ಕದ ಹೆಬ್ಬೆಟ್ಟು ಯಂತ್ರಕ್ಕೆ ಮಾತ್ರ ಸೇರಿದ್ದು. ಕಣ್ಣಿಗೆ ಕಂಡದ್ದನ್ನು ಸಾಕ್ಷ್ಯವೆಂದು ಪರಿಗಣಿಸತಕ್ಕದ್ದಲ್ಲ.

ನೆಲ ಒರೆಸುವ ಅಕ್ಕ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುತ್ತಾರೆ. ಸೋಪಿನ ನೀರಿನಲ್ಲಿ ನೆನೆದು ನೆನೆದು ಅವರ ಹೆಬ್ಬೆಟ್ಟು ಬಿರುಕು ಬಿಟ್ಟಿತ್ತು. ಒಂದು ಸೋಮವಾರದಿಂದ ಯಂತ್ರ ದಿನವೂ ಕೆಂಪು ದೀಪ ತೋರಿಸಿ ಅವರನ್ನು ಗೈರುಹಾಜರು ಎಂದು ಬರೆದುಕೊಳ್ಳತೊಡಗಿತು. ಸತತ ಮೂರು ತಿಂಗಳು ಗೈರಾದರೆ ಕೆಲಸ ಹೋಗುತ್ತದೆ.

"ಸಾರ್, ಒಂದು ಬಾಟ್ಲಿ ಕೊಬ್ಬರಿ ಎಣ್ಣೆ ಕೊಡ್ಸಿ. ಕೈ ಒದ್ದೆ ಇರುವಾಗ್ಲೇ ಹಚ್ಕೊಂಡ್ರೆ ಹದಿನೈದು ದಿನದಲ್ಲಿ ಸರಿಹೋಗತ್ತೆ," ಎಂದು ಅಕ್ಕ ವ್ಯವಸ್ಥಾಪಕರನ್ನು ಕೇಳಿದರು.

ಯಾವ ಎಣ್ಣೆ ಎಂದು ಅಕ್ಕನೇ ಹೇಳಿಬಿಟ್ಟರೆ ಕಚೇರಿ ಇರುವುದೇಕೆ? ಐವರ ಸಮಿತಿ ರಚನೆಯಾಯಿತು. ನಡಾವಳಿ ಬರೆಯುವವನು ನಾನು. ಮೊದಲ ನಿಯಮ ಹೀಗಿತ್ತು: "ಎಣ್ಣೆಯನ್ನು ಮೊದಲು ಜವಾಬ್ದಾರಿಯುತ ಚರ್ಮದ ಮೇಲೆ ಪರೀಕ್ಷಿಸತಕ್ಕದ್ದು. ಗುಮಾಸ್ತರಿಗಿಂತ ಕೆಳಗಿನವರ ಚರ್ಮವನ್ನು ಜವಾಬ್ದಾರಿಯುತವೆಂದು ಪರಿಗಣಿಸಲಾಗುವುದಿಲ್ಲ."

ಮೊದಲ ತಿಂಗಳು ನಾವು ಐವರು ಹಚ್ಚಿಕೊಂಡದ್ದು ಕೊಬ್ಬರಿ ಎಣ್ಣೆ, ಎರಡನೆಯದು ಎಳ್ಳೆಣ್ಣೆ, ಮೂರನೆಯದು ಬಾದಾಮಿ. ಬಾದಾಮಿಯ ಬಗ್ಗೆ ವ್ಯವಸ್ಥಾಪಕರ ಹೆಂಡತಿಯ ಅಭಿಪ್ರಾಯವೂ ಅಗತ್ಯವೆನಿಸಿ ನಾಲ್ಕು ಬಾಟಲಿ ಅವರ ಮನೆಗೆ ಹೋದವು. ನಮ್ಮ ಮುಖಗಳಿಗೆ ಕಳೆ ಬಂತು.

"ವರದಿ ಬರೋವರೆಗೂ ಮನೆಯಿಂದ್ಲೇ ತಂದು ಹಚ್ಕೊಳ್ಲಾ ಸಾರ್?" ಎಂದು ಅಕ್ಕ ಕೇಳಿದರು.

"ಹಾಗೆ ಮಾತ್ರ ಮಾಡ್ಬೇಡಮ್ಮ! ಹೋಲಿಸಿ ನೋಡೋಕೆ ಇರೋ ಒಣ ಚರ್ಮ ನಿಂದೊಂದೇ. ಅದು ವಾಸಿಯಾದ್ರೆ ವರದಿನೇ ಕೆಟ್ಟು ಹೋಗತ್ತೆ," ಎಂದರು ವ್ಯವಸ್ಥಾಪಕರು.

ಅಷ್ಟರಲ್ಲಿ ನಮ್ಮ ಹೆಬ್ಬೆಟ್ಟುಗಳೂ ಜಾರಿ ಜಾರಿ ಯಂತ್ರ ನಮಗೂ ಕೆಂಪು ದೀಪ ತೋರಿಸಿತು. ಅಂದೇ ಸುತ್ತೋಲೆ ಹೊರಟಿತು: "ಎಣ್ಣೆಯಿಂದಾಗಿ ಗುರುತು ಸಿಗದ ಹೆಬ್ಬೆಟ್ಟನ್ನು ಹಾಜರೆಂದೇ ಭಾವಿಸತಕ್ಕದ್ದು. ಎಣ್ಣೆಯಿಲ್ಲದೆ ಗುರುತು ಸಿಗದಿದ್ದರೆ ಇದು ಅನ್ವಯಿಸುವುದಿಲ್ಲ." ಮರುದಿನದಿಂದ ಸಮಿತಿಯ ಇಬ್ಬರು ಗುಮಾಸ್ತರು ಕಚೇರಿಗೆ ಬಾರದೆ ಮನೆಯಲ್ಲೇ ಎಣ್ಣೆ ಹಚ್ಚಿಕೊಂಡು ಹಾಜರಾಗತೊಡಗಿದರು.

ತೊಂಬತ್ತನೆಯ ದಿನ ಐವರೂ ಖುದ್ದಾಗಿ ಸೇರಿದೆವು. ಬಾದಾಮಿ ಎಣ್ಣೆ ಶ್ರೇಷ್ಠವೆಂದು ತೀರ್ಮಾನವಾಯಿತು. ಎರಡನೆಯ ತೀರ್ಮಾನವನ್ನು ವ್ಯವಸ್ಥಾಪಕರು ಗಟ್ಟಿಯಾಗಿ ಓದಿದರು: "ನೆಲ ಒರೆಸುವವರು ಮೂರು ತಿಂಗಳಿಂದ ಗೈರು. ಆದರೂ ನೆಲ ದಿನವೂ ಹೊಳೆಯುತ್ತಿದೆ. ಆದ್ದರಿಂದ ಈ ಕಟ್ಟಡ ತನ್ನನ್ನು ತಾನೇ ಒರೆಸಿಕೊಳ್ಳುತ್ತದೆ. ಹುದ್ದೆಯನ್ನು ನಾಳೆಯಿಂದ ರದ್ದುಪಡಿಸಿದೆ."

ಅದನ್ನು ಬರೆದವನೂ ನಾನೇ. ನಾಚಿಕೆಯಾಯಿತು, ಆದರೆ ನಡಾವಳಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿದರು: "ಸಾರ್, ದಿನಾ ಒರೆಸ್ತಿರೋದು ನಾನೇ ಅಲ್ವಾ?"

"ನಮಗೆ ಗೊತ್ತಿಲ್ವೇನಮ್ಮ? ಯಂತ್ರಕ್ಕೆ ಗೊತ್ತಿಲ್ವಲ್ಲ."

ಅಕ್ಕ ತಮ್ಮ ಹೆಬ್ಬೆಟ್ಟನ್ನು ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ಬಗ್ಗಿ ಬಟ್ಟೆ ಹಿಂಡಿದರು.

"ಸ್ವಲ್ಪ ಕಾಲೆತ್ತಿ ಸಾರ್. ಬಾದಾಮಿ ಎಣ್ಣೆ ಚೆಲ್ಲಿದೆ, ಜಾರಿ ಬೀಳ್ತೀರ."

ಐವರೂ ಕಾಲೆತ್ತಿದೆವು. ಕಟ್ಟಡ ತನ್ನನ್ನು ತಾನೇ ಒರೆಸಿಕೊಂಡಿತು.